ಸಹಾಯ ಬೇಕು: ಇಇಎಫ್‌ಸಿ ಖಾತೆಗೆ ಬರಬೇಕಿದ್ದ ಡಾಲರ್ ರೂಪಾಯಿ ಆಗಿಬಿಟ್ಟಿದೆ

ಎಕ್ಸ್‌ಪೋರ್ಟ್ ಬ್ಯಾಂಕಿಂಗ್ ಗೊತ್ತಿರೋರು ದಯವಿಟ್ಟು ನೋಡಿ. ಇಇಎಫ್‌ಸಿ ಅಂದ್ರೆ ಹೊರದೇಶದಿಂದ ಗಳಿಸಿದ ಹಣವನ್ನ ರೂಪಾಯಿ ಮಾಡದೆ ವಿದೇಶಿ ಕರೆನ್ಸಿಯಲ್ಲೇ ಇಡೋ ಬ್ಯಾಂಕ್ ಖಾತೆ. ನಂದು ಸಾಫ್ಟ್‌ವೇರ್ ಕೆಲಸದ ಇನ್‌ವಾಯ್ಸ್, 5,000 ಡಾಲರ್. ಸ್ವಿಫ್ಟ್ ಪ್ರತಿ (ಬ್ಯಾಂಕುಗಳ ನಡುವಿನ ಪಾವತಿ ಸಂದೇಶ) ತರಿಸಿ ನೋಡಿದ್ರೆ ಇಇಎಫ್‌ಸಿ ಖಾತೆ ನಂಬರೇ ಇದೆ, ಕರೆನ್ಸಿಯೂ ಡಾಲರ್, ಹಣ ಯಾತಕ್ಕೆ ಬಂತು ಅಂತ ಹೇಳೋ ಪರ್ಪಸ್ ಕೋಡ್ ಪಿ0802. ಆದ್ರೂ ಬ್ಯಾಂಕಿನವರು ತಮ್ಮ ಕಾರ್ಡ್ ರೇಟಿಗೆ (ಬ್ಯಾಂಕೇ ಪ್ರಕಟಿಸೋ ವಿನಿಮಯ ದರ) ರೂಪಾಯಿ ಮಾಡಿ ಕರೆಂಟ್ ಅಕೌಂಟಿಗೆ ಹಾಕಿದ್ದಾರೆ.

ಮುಂದಿನ ತಿಂಗಳು 1,800 ಡಾಲರ್ ಸರ್ವರ್ ಬಿಲ್ ಇದರಿಂದಲೇ ಕಟ್ಟಬೇಕಿತ್ತು. ಈಗ ಕಮ್ಮಿ ರೇಟಿಗೆ ಮಾರಿದ್ದನ್ನೇ ಜಾಸ್ತಿ ರೇಟಿಗೆ ವಾಪಸ್ ಕೊಳ್ಳಬೇಕು, ಮೇಲೆ ಎರಡು ಸಲ ಜಿಎಸ್‌ಟಿ. ಈ ಖಾತೆಗೆ ಬಡ್ಡಿ ಇಲ್ಲ, ಈ ತಿಂಗಳು ಬಂದಿದ್ದರಲ್ಲಿ ಖರ್ಚಾಗದೆ ಉಳಿದಿದ್ದನ್ನ ಮುಂದಿನ ತಿಂಗಳ ಕೊನೆಯೊಳಗೆ ರೂಪಾಯಿ ಮಾಡಲೇಬೇಕು. ಇರೋ ಲಾಭ ಅಂದ್ರೆ ಈ ಡಬಲ್ ಕನ್ವರ್ಷನ್ ತಪ್ಪೋದು, ಅದೇ ಹೋಯ್ತು!

ಬ್ರಾಂಚಿನಲ್ಲಿ ಕೇಳಿದ್ರೆ, "ಡಿಸ್ಪೋಸಲ್ ಇನ್‌ಸ್ಟ್ರಕ್ಷನ್ ಬಂದಿರಲಿಲ್ಲ" ಅಂದ್ರು, ಅಂದ್ರೆ ಬಂದ ಹಣವನ್ನ ಏನು ಮಾಡಬೇಕು ಅನ್ನೋ ನನ್ನ ಪತ್ರ. ಫಾರೆಕ್ಸ್ ಡೆಸ್ಕಿಗೆ ಮೇಲ್ ಹಾಕಿದ್ರೆ, ಇಇಎಫ್‌ಸಿಯಿಂದ ರೂಪಾಯಿಯಾಗಿ ತೆಗೆದ ಹಣ ಮತ್ತೆ ಡಾಲರ್ ಆಗಿ ಜಮೆ ಆಗಲ್ಲ, ರಿಸರ್ವ್ ಬ್ಯಾಂಕ್ ನಿಯಮ ಅಂತ ಉತ್ತರ. ನಿಯಮ ಇರೋದು ನಿಜ. ಆದ್ರೆ ಅದು ಖಾತೆಯಿಂದ ತೆಗೆದ ಹಣಕ್ಕೆ. ಇದು ಖಾತೆಯೊಳಗೆ ಬಂದೇ ಇಲ್ವಲ್ಲ? ಗೊಂದಲ ಇಲ್ಲೇ.

ಹೀಗೆ ತಪ್ಪಾಗಿ ಆದ ಕನ್ವರ್ಷನ್ ಅನ್ನು ಯಾರಾದ್ರೂ ರದ್ದು ಮಾಡಿಸಿದ್ದೀರಾ? ಯಾವ ಕಾರಣ ಬರೆದು ಕೊಟ್ರಿ, ರೇಟ್ ವ್ಯತ್ಯಾಸ ಯಾರು ಭರಿಸಿದ್ರು? ಪ್ರತಿ ಪೇಮೆಂಟಿಗೂ ಪತ್ರ ಕೊಡೋ ಬದಲು ಒಂದೇ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ನಿಮ್ಮ ಬ್ಯಾಂಕಲ್ಲಿ ನಡೆಯುತ್ತಾ?