ಸಹಾಯ ಬೇಕು: 1919–1939ರ ಬೆಂಗಳೂರಿನ ಕನ್ಸರ್ವೆನ್ಸಿ (ಕಸ, ಮಲ ಸಾಗಣೆಯ) ಓಣಿಗಳ ಮಾಹಿತಿ

ಎಲ್ಲರಿಗೂ ನಮಸ್ಕಾರ. ಎರಡು ಮಹಾಯುದ್ಧಗಳ ನಡುವಿನ ಬೆಂಗಳೂರಿನಲ್ಲಿ ಕಸವನ್ನೂ ಮಲವನ್ನೂ ಯಾರು, ಹೇಗೆ ಸಾಗಿಸುತ್ತಿದ್ದರು ಎಂಬುದರ ಕುರಿತು ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದು, ತಮ್ಮೆಲ್ಲರ ನೆರವನ್ನು ಕೋರುತ್ತೇನೆ.

1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಮನೆಗಳ ಹಿತ್ತಿಲಿಗೆ ಹೊಂದಿಕೊಂಡಂತೆ ಕಿರಿದಾದ ಕನ್ಸರ್ವೆನ್ಸಿ ಓಣಿಗಳಿದ್ದವು; ಒಳಚರಂಡಿ ತಲುಪದ ಮನೆಗಳ ಕಕ್ಕಸುಗಳನ್ನು ಕಾರ್ಮಿಕರು ಮುಂಬಾಗಿಲಿನತ್ತ ಸುಳಿಯದೆ ಆ ಓಣಿಯಿಂದಲೇ ಬಳಿದು ಒಯ್ಯುತ್ತಿದ್ದರು. ನೈರ್ಮಲ್ಯದ ಯೋಜನೆಯೊಳಗೇ ಅಸ್ಪೃಶ್ಯತೆಯೂ ಅಡಗಿತ್ತೆಂದು ನಾನು ಭಾವಿಸುತ್ತೇನೆ. ಪೇಟೆಯ ಭಾಗವು ಮೈಸೂರು ಸಂಸ್ಥಾನದ ಪುರಸಭೆಗೂ, ದಂಡು ಪ್ರದೇಶವು ಬ್ರಿಟಿಷರ ಅಧೀನದ ಪ್ರತ್ಯೇಕ ಆಡಳಿತಕ್ಕೂ ಸೇರಿದ್ದು, 1949ರಲ್ಲಷ್ಟೇ ಎರಡೂ ಒಂದೇ ನಗರಪಾಲಿಕೆಯಾದ ಕಾರಣ, ಹುಡುಕಾಟವನ್ನು ಎರಡೂ ಕಡೆ ನಡೆಸಬೇಕಾಗಿದೆ.

ಆ ಕಾಲದ ಪುರಸಭಾ ವಾರ್ಷಿಕ ವರದಿಗಳಾಗಲಿ, ಓಣಿಗಳನ್ನು ಗುರುತಿಸಿರುವ ಬಡಾವಣೆ ನಕ್ಷೆಗಳಾಗಲಿ, ಕಸದ ಎತ್ತಿನ ಗಾಡಿಗಳ ಛಾಯಾಚಿತ್ರಗಳಾಗಲಿ ತಮ್ಮ ಬಳಿ ಇದ್ದರೆ ದಯವಿಟ್ಟು ತಿಳಿಸಿ. ಇವೆಲ್ಲಕ್ಕಿಂತ ಮುಖ್ಯವಾಗಿ, ಆ ಕೆಲಸ ಮಾಡಿದವರ ಮಕ್ಕಳು, ಮೊಮ್ಮಕ್ಕಳು ಈ ಗುಂಪಿನಲ್ಲಿದ್ದರೆ, ಅವರ ಹಿರಿಯರು ಎಲ್ಲಿ ವಾಸವಾಗಿದ್ದರು, ಎಷ್ಟು ಗಂಟೆಗೆ ಕೆಲಸಕ್ಕೆ ಹೊರಡುತ್ತಿದ್ದರು, ಕೂಲಿ ಎಷ್ಟಿತ್ತು ಎಂಬ, ಮನೆಯಲ್ಲಿ ಕೇಳಿಬಂದ ನೆನಪುಗಳನ್ನು ಕೇಳಿ ಬರೆದುಕೊಳ್ಳಲು ಬಯಸುತ್ತೇನೆ. ಅವರ ಒಪ್ಪಿಗೆಯಿಲ್ಲದೆ ಯಾರ ಹೆಸರನ್ನೂ ಪ್ರಕಟಿಸುವುದಿಲ್ಲ.