ಪದ ಬೇಕು: ರೋಗಾಣು ‘ಇದೆ’, ಆದರೆ ‘ಸೋಂಕು’ ಅಲ್ಲ (ಬಸುರಿಯರ ಜಿಬಿಎಸ್ ಬಗ್ಗೆ)

ಎಲ್ಲರಿಗೂ ನಮಸ್ಕಾರ, ಉಡುಪಿಯಿಂದ ಬರೆಯುತ್ತಿದ್ದೇನೆ. ಪರಿಚಯದ ಹೆರಿಗೆ ಡಾಕ್ಟರೊಬ್ಬರಿಗೆ ಬಸುರಿಯರ ಕೈಗೆ ಕೊಡಲು ಒಂದು ಪುಟದ ಕನ್ನಡ ಕರಪತ್ರ ಬೇಕಂತೆ, ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ವಿಷಯ ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ (ಚಿಕ್ಕದಾಗಿ ಜಿಬಿಎಸ್) ಎಂಬ ಬ್ಯಾಕ್ಟೀರಿಯಾ. ಒಂದು ಕಡೆ ಸರಿಯಾದ ಪದ ಸಿಗುತ್ತಿಲ್ಲ.

ಈ ಬ್ಯಾಕ್ಟೀರಿಯಾ ಆರೋಗ್ಯವಾಗಿರುವ ಎಷ್ಟೋ ಜನರ ಕರುಳಿನಲ್ಲಿ, ಹೆಂಗಸರ ಯೋನಿಯಲ್ಲಿ ಸುಮ್ನೆ ಇರುತ್ತದೆ. ಜಗತ್ತಿನ ಲೆಕ್ಕದಲ್ಲಿ ಹೆಚ್ಚುಕಡಿಮೆ 5 ಬಸುರಿಯರಲ್ಲಿ ಒಬ್ಬರಿಗೆ ಇರುತ್ತದೆ. ಜ್ವರ ಇಲ್ಲ, ನೋವಿಲ್ಲ, ಅವರಿಗೆ ಗೊತ್ತೂ ಆಗುವುದಿಲ್ಲ. ಆದರೆ ಹೆರಿಗೆ ಹೊತ್ತಿಗೆ ಅದು ಮಗುವಿಗೆ ದಾಟಬಹುದು. ಔಷಧಿ ಕೊಡದಿದ್ದರೆ ಇಂಥ ತಾಯಂದಿರ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ದಾಟುತ್ತದೆ, ಕಾಯಿಲೆ ಬೀಳುವುದು 100ರಲ್ಲಿ ಒಂದೋ ಎರಡೋ. ಬಿದ್ದರೆ ಮಾತ್ರ ರಕ್ತ ನಂಜಾಗುವುದು, ನ್ಯುಮೋನಿಯಾ, ಮೆದುಳಿನ ಪೊರೆಯ ಉರಿಯೂತ, ಹೀಗೆ ಜೀವಕ್ಕೇ ಸಂಚಕಾರ.

ಈಗ ನನ್ನ ಪ್ರಶ್ನೆ. ತಾಯಿಯಲ್ಲಿ ಅದು ತೊಂದರೆ ಕೊಡದೆ ಇರುವುದಕ್ಕೆ ಒಂದು ಪದ, ಮಗುವಿಗೆ ಕಾಯಿಲೆ ತರುವುದಕ್ಕೆ ಇನ್ನೊಂದು ಪದ ಬೇಕು. ನಮ್ಮಲ್ಲಿ ಎರಡಕ್ಕೂ ‘ಸೋಂಕು’ ಎಂದೇ ಬರೆಯುತ್ತಾರೆ. ಕೋವಿಡ್ ಕಂಡ ಮೇಲೆ ‘ನಿಮಗೆ ಸೋಂಕು ಇದೆ, ಪಾಸಿಟಿವ್’ ಅಂದರೆ ತುಂಬು ಬಸುರಿಗೆ ನಿದ್ದೆ ಬಂದೀತಾ? ಮನೆಯವರೂ ತಕ್ಷಣ ಮಾತ್ರೆ ಕೊಡಿ ಅನ್ನುತ್ತಾರೆ, ಅದೇ ಇಲ್ಲಿ ತಪ್ಪು. ಸುಮ್ನೆ ಇರುವ ಬ್ಯಾಕ್ಟೀರಿಯಾಕ್ಕೆ ಮೊದಲೇ ಮಾತ್ರೆ ನುಂಗಿದರೆ ಪ್ರಯೋಜನ ಇಲ್ಲ, ಹೆರಿಗೆಯಷ್ಟರಲ್ಲಿ ಅದು ಮತ್ತೆ ಬರುತ್ತದೆ. ಮೂತ್ರದಲ್ಲಿ ಸಿಕ್ಕಿದರೆ ವಿಷಯ ಬೇರೆ, ಅದನ್ನು ಡಾಕ್ಟರೇ ನೋಡಬೇಕು. ಉಳಿದವರಿಗೆ ಹೆರಿಗೆ ನೋವು ಶುರುವಾದಾಗ ಅಥವಾ ನೀರು ಹೋದಾಗ ನರಕ್ಕೆ ಪೆನಿಸಿಲಿನ್ ಹಾಕಬೇಕು, ಹೆರಿಗೆ ಆಗುವ ತನಕ 4 ಗಂಟೆಗೊಮ್ಮೆ. ಮೊದಲ ಡೋಸ್ ಹೆರಿಗೆಗೆ 4 ಗಂಟೆ ಮುಂಚೆಯಾದರೂ ಸೇರಿದ್ದರೆ ಒಳ್ಳೆಯದು, ಹಾಗಾಗಿ ನೋವು ಜೋರಾಗಲಿ ಎಂದು ಮನೆಯಲ್ಲಿ ಕೂತಿರಬಾರದು. ಪೆನಿಸಿಲಿನ್ ಆಗದವರು ಮೊದಲೇ ಹೇಳಬೇಕು, ಬೇರೆ ಔಷಧಿ ಇದೆ.

ಹೀಗೆ ಸುಮ್ನೆ ಇರುವುದಕ್ಕೆ ಡಾಕ್ಟರುಗಳು ಹೇಳುವ ‘ಕಾಲನೈಸೇಶನ್’ಗೆ ಪದಕೋಶದಲ್ಲಿ ಸಿಗುವ ‘ವಸಾಹತು’ ಇತಿಹಾಸದ ಪಾಠದಲ್ಲೇ ಇರಲಿ. ‘ವಾಹಕಿ’ ಅಂದರೆ ಇವಳೇ ಊರಿಗೆಲ್ಲ ಹರಡುತ್ತಾಳೆ ಎಂಬ ಧ್ವನಿ ಬರುತ್ತದೆ, ಅದು ನನಗೆ ಖಂಡಿತ ಬೇಡ. ‘ನೆಲೆಸಿದೆ’ ಅರ್ಥಕ್ಕೆ ಹತ್ತಿರ, ಆದರೆ ನಮ್ಮ ಕಡೆ ‘ನೆಲೆ’ ಎಂದರೆ ದೈವ ದೇವರ ಮಾತು, ರೋಗಾಣುವಿಗೆ ಹಾಕಲು ಮನಸ್ಸು ಬರುವುದಿಲ್ಲ. ‘ಮನೆಮಾಡಿಕೊಂಡಿದೆ’ ಅಂದರೆ ಇನ್ನು ಹೋಗುವುದೇ ಇಲ್ಲ ಎಂದಾಗುತ್ತದೆ, ಇದೋ ಬಂದು ಹೋಗುವಂಥದ್ದು. ಸದ್ಯಕ್ಕೆ ‘ರೋಗಾಣು ಇದೆ, ರೋಗ ಇಲ್ಲ’ ಎಂದು ಬರೆದು, ‘ನಂಜು’ ಎಂಬುದನ್ನು ಮಗುವಿನ ಕಾಯಿಲೆಗೆ ಮಾತ್ರ ಇಟ್ಟುಕೊಂಡಿದ್ದೇನೆ. ಗಾಯ ಕೀವಾದರೆ ನಂಜಾಗಿದೆ ಅನ್ನುವ ಅಭ್ಯಾಸ ಎಲ್ಲರಿಗೂ ಇದೆ, ಅಲ್ವಾ?

ಹೆಸರಿನದ್ದೂ ಒಂದು ತೊಡಕು. ರಿಪೋರ್ಟಿನಲ್ಲಿ ‘ಗ್ರೂಪ್ ಬಿ, ಪಾಸಿಟಿವ್’ ಎಂದು ನೋಡಿ ಒಬ್ಬ ಹುಡುಗಿ ತಾಯಿ ಕಾರ್ಡ್ ತೆಗೆದು ‘ನನ್ನದು ಓ ಪಾಸಿಟಿವ್ ಅಲ್ವಾ ಮೇಡಂ, ಇದು ಬೇರೆ ಯಾರದ್ದೋ’ ಅಂದಳಂತೆ. ಅವಳು ಕೇಳಿದ್ದು ಸರಿಯಾಗಿಯೇ ಇದೆ. ಈ ‘ಬಿ’ಗೂ ರಕ್ತದ ಗುಂಪಿಗೂ ಸಂಬಂಧ ಇಲ್ಲ. 1933ರಲ್ಲಿ ರೆಬೆಕ್ಕಾ ಲಾನ್ಸ್‌ಫೀಲ್ಡ್ ಎಂಬ ಅಮೆರಿಕದ ವಿಜ್ಞಾನಿ ಸ್ಟ್ರೆಪ್ಟೊಕಾಕಸ್‌ಗಳನ್ನು ಎ, ಬಿ ಎಂದು ಗುಂಪು ಮಾಡಿದ್ದರಿಂದ ಬಂದದ್ದು. ಜಿಬಿಎಸ್ ಅಂತ ಚಿಕ್ಕದು ಮಾಡೋಣ ಅಂದರೆ, 2025ರ ಆರಂಭದಲ್ಲಿ ಪುಣೆಯಲ್ಲಿ ಕಾಣಿಸಿದ ನರಗಳ ಕಾಯಿಲೆ ಗಿಯಾನ್ ಬಾರೆಯನ್ನೂ ಪತ್ರಿಕೆಗಳು ಜಿಬಿಎಸ್ ಅಂದವು. ಪೂರ್ತಿ ಹೆಸರು ಸ್ಟ್ರೆಪ್ಟೊಕಾಕಸ್ ಅಗಲಾಕ್ಟಿಯೆ, ಅಂದರೆ ಹಾಲು ಇಲ್ಲದಂತೆ ಮಾಡುವುದು ಎಂದು ಅರ್ಥ. ಹಸುಗಳ ಕೆಚ್ಚಲು ಬಾವಿನಿಂದ ಬಂದ ಹೆಸರು ಅದು, ಬಾಣಂತಿಯ ಹಾಲಿಗೂ ಅದಕ್ಕೂ ಏನೂ ಇಲ್ಲ. ರೋಗಾಣು ಇದೆ ಎಂದು ಮಗುವಿಗೆ ಹಾಲು ಕೊಡುವುದನ್ನು ನಿಲ್ಲಿಸಬಾರದು, ಇದನ್ನು ಕರಪತ್ರದಲ್ಲಿ ದಪ್ಪ ಅಕ್ಷರದಲ್ಲೇ ಹಾಕುತ್ತೇನೆ.

ಪರೀಕ್ಷೆಯ ಭಾಗ ಸುಲಭ. ಸ್ವಾಬ್ ಅಂದರೆ ಈಗ ಎಲ್ಲರಿಗೂ ಗೊತ್ತು. ಅಮೆರಿಕದಲ್ಲಿ 36–37 ವಾರಕ್ಕೆ ಎಲ್ಲರಿಗೂ ಮಾಡುತ್ತಾರೆ, ಬ್ರಿಟನ್‌ನಲ್ಲಿ ಎಲ್ಲರಿಗೂ ಮಾಡುವುದಿಲ್ಲ, ಅಪಾಯದ ಲಕ್ಷಣ ನೋಡಿ ಔಷಧಿ ಕೊಡುತ್ತಾರೆ. ನಮ್ಮಲ್ಲೂ ಎಲ್ಲರಿಗೂ ಕಡ್ಡಾಯ ಇಲ್ಲ. ಆದ್ದರಿಂದ ಪರೀಕ್ಷೆ ಆಗದವರಿಗೆ ನಾಲ್ಕು ಮಾತು ಗೊತ್ತಿರಲೇಬೇಕು: 37 ವಾರಕ್ಕೆ ಮೊದಲೇ ನೋವು ಬಂದರೆ, ನೀರು ಹೋಗಿ 18 ಗಂಟೆ ಆದರೆ, ಹೆರಿಗೆ ಹೊತ್ತಿನಲ್ಲಿ ಜ್ವರ ಬಂದರೆ, ಹಿಂದಿನ ಮಗುವಿಗೆ ಈ ಕಾಯಿಲೆ ಆಗಿದ್ದರೆ ಅಪಾಯ ಜಾಸ್ತಿ.

ಕೊನೆಗೆ ಇನ್ನೊಂದು ಪದ. ಕಾಯಿಲೆ ಹೆಚ್ಚಾಗಿ ಮೊದಲ ಒಂದೆರಡು ದಿನದಲ್ಲೇ ಕಾಣಿಸುತ್ತದೆ, ಆದರೆ 3 ತಿಂಗಳ ತನಕವೂ ಬರಬಹುದು, ಹೆರಿಗೆ ಹೊತ್ತಿನ ಪೆನಿಸಿಲಿನ್ ಆ ತಡದ ಕಾಯಿಲೆಯನ್ನು ತಡೆಯುವುದಿಲ್ಲ. ಅಷ್ಟರಲ್ಲಿ ಬಾಣಂತಿ ತವರಿನಲ್ಲಿರುತ್ತಾಳೆ, ಮಗುವನ್ನು ಮೀಯಿಸುವುದು ಅಜ್ಜಿ. ಕಾಯಿಲೆಯ ಲಕ್ಷಣಗಳಲ್ಲಿ ಹಾಲು ಎಳೆಯದಿರುವುದು, ಎಬ್ಬಿಸಿದರೂ ಮಂಕಾಗಿರುವುದು, ಮೈ ಸುಡುವುದು ಅಥವಾ ತಣ್ಣಗಾಗುವುದು, ಇವಕ್ಕೆಲ್ಲ ಮಾತು ಇದೆ. ಪ್ರತಿ ಸಲ ಉಸಿರು ಬಿಡುವಾಗಲೂ ಮಗು ಗಂಟಲಲ್ಲಿ ‘ಹ್ಞೂಂ, ಹ್ಞೂಂ’ ಎಂದು ಸಣ್ಣ ಸದ್ದು ಮಾಡುವುದಕ್ಕೆ ಏನನ್ನೋಣ? ‘ನರಳುವುದು’ ಅಂದರೆ ನೋವು ಎಂದುಕೊಳ್ಳುತ್ತಾರೆ. ‘ಮುಲುಕುವುದು’ ಅಂದರೆ ಹೊಟ್ಟೆ ಕಟ್ಟಿದೆ ಎಂದು ಓಮದ ನೀರು ಕೊಟ್ಟು ಸುಮ್ಮನಾಗುವ ಭಯ. ಕುಂದಾಪುರ ಕಡೆಯವರು, ಘಟ್ಟದ ಮೇಲಿನವರು, ಮನೆಯಲ್ಲಿ ತುಳು ಮಾತಾಡುವವರು, ನಿಮ್ಮ ಅಜ್ಜಿಯರು ಈ ಸದ್ದಿಗೆ ಏನು ಹೇಳುತ್ತಾರೆ?