ಸಹಾಯ ಬೇಕು: ಜುಲೈ 5ಕ್ಕೆ ಅಲ್ಜೀರಿಯಾದವರ ಮನೆಗೆ ಊಟಕ್ಕೆ ಹೋಗ್ತಿದೀನಿ
ಎಲ್ಲರಿಗೂ ನಮಸ್ಕಾರ, ಅಲ್ಜಿಯರ್ಸ್‌ಗೆ ಕೆಲಸಕ್ಕೆ ಬಂದು ನಾಲ್ಕು ತಿಂಗಳಾಯ್ತು, ಜುಲೈ 5 ಇಲ್ಲಿ ಸ್ವಾತಂತ್ರ್ಯ ದಿನ, ಜೊತೆಗೆ ಕೆಲಸ ಮಾಡೋರೊಬ್ಬರು ಮನೆಗೆ ಕರೆದಿದಾರೆ. 1830ರ ಜುಲೈ 5ಕ್ಕೇ ಈ ಊರು ಫ್ರೆಂಚರ ಕೈಸೇರಿದ್ದು, 132 ವರ್ಷ ಆದ್ಮೇಲೆ 1962ರಲ್ಲಿ ಅದೇ ತಾರೀಖನ್ನ ಬೇಕಂತಲೇ ಸ್ವಾತಂತ್ರ್ಯಕ್ಕೆ ಇಟ್ಕೊಂಡ್ರು ಅಂತ ಕೇಳಿ ಮೈ ಜುಮ್ಮಂತು.

1954ರ ನವೆಂಬರ್ 1ಕ್ಕೆ ಶುರುವಾದ ಯುದ್ಧದಲ್ಲಿ ಅವರ ಅಜ್ಜ ತೀರಿಕೊಂಡ್ರಂತೆ. ಅಜ್ಜಿ ಇದಾರೆ, ತೊಂಬತ್ತರ ಹತ್ತಿರ, ಹಸಿರು ಬಿಳಿ ಬಾವುಟನ ಪ್ರತಿ ವರ್ಷ ತಾವೇ ಇಸ್ತ್ರಿ ಮಾಡಿ ಬಾಲ್ಕನಿಗೆ ಕಟ್ತಾರಂತೆ.

ಅವರ ಎದುರು ಹೋದ ತಕ್ಷಣ ಶುಭಾಶಯ ಹೇಳೋದಾ, ಇಲ್ಲ ಮೊದಲು ಅಜ್ಜನ್ನ ನೆನೆಯೋದಾ? ಇಲ್ಲಿ ಇದ್ದು ಬಂದೋರು ಯಾರಾದ್ರೂ ಇದ್ರೆ, ಅಜ್ಜಿಗೆ ಹೇಳೋಕೆ ಅರಬ್ಬಿಲಿ ಎರಡು ಮಾತು ಕನ್ನಡ ಅಕ್ಷರದಲ್ಲಿ ಬರೆದುಕೊಡಿ ಪ್ಲೀಸ್.